ಗುಡ್ಡದ ನೀರಿಗೆ ಕಡಿವಾಣ: ಮನೆಯ ಪೈಪಿಗೆ ಪ್ರೆಶರ್ ರೆಗ್ಯುಲೇಟರ್ ಹಾಕುವುದು ಹೇಗೆ?

ಶಿರಸಿ ಕಡೆಯ ನಮ್ಮ ಮನೆ ತಗ್ಗಿನಲ್ಲಿದೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ. ಗುಡ್ಡದ ಮೇಲಿನ ಅಬ್ಬಿಯಿಂದ ನೀರು ತಾನಾಗಿ ಇಳಿದು ಬರುತ್ತದೆ. ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದ ದೋಣಿಯಲ್ಲಿ ಬರುತ್ತಿತ್ತು. ದಬ್ಬೆಯ ಮೇಲ್ಭಾಗ ತೆರೆದೇ ಇರುತ್ತದೆ, ಹಾಗಾಗಿ ಒತ್ತಡ ಎನ್ನುವ ಮಾತೇ ಇರಲಿಲ್ಲ. ನೀರು ಬಚ್ಚಲಿನ ತೊಟ್ಟಿಗೆ ಬಿದ್ದು, ತುಂಬಿ, ಉಕ್ಕಿ ತೋಟಕ್ಕೆ ಹೋಗುತ್ತಿತ್ತು. ಆಮೇಲೆ ಕರಿ ಪೈಪು ಬಂತು. ಪೈಪಿನ ತುದಿಗೆ ನಲ್ಲಿ ಬಂತು. ನಲ್ಲಿ ಮುಚ್ಚಿದ ದಿನದಿಂದ ಒತ್ತಡವೂ ಬಂತು.

ಮೂರು ವರ್ಷದ ಹಿಂದೆ ಮೇಲಿನ ತೊಟ್ಟಿಯಿಂದ ನೇರ ಮನೆಗೆ ಹೊಸ ಲೈನ್ ಎಳೆಸಿದೆವು. ನಲ್ಲಿ ತಿರುಗಿಸಿದರೆ ನೀರು ಬೇಸಿನ್‌ಗೆ ಬಡಿದು ಮುಖಕ್ಕೆ ಹಾರುತ್ತಿತ್ತು. ಪಕ್ಕದ ಮನೆಯವನು ಬಂದು ಕೈ ತೊಳೆದು, "ಭಾವ, ನೀರು ರಾಶಿ ಜೋರಾತು. ವಾಲ್ವ್ ಅರ್ಧ ಮುಚ್ಚಿಬಿಡು" ಎಂದ. ಮುಚ್ಚಿದೆ. ನಲ್ಲಿಯಲ್ಲಿ ನೀರು ಹದವಾಗಿ ಬರತೊಡಗಿತು. ಕೆಲಸ ಮುಗಿಯಿತು ಅಂದುಕೊಂಡೆ. ಒಂದು ವಾರ ಕಳೆದಿರಲಿಲ್ಲ, ನಡುರಾತ್ರಿ ಬೇಸಿನ್ ಕೆಳಗಿನ ಕನೆಕ್ಷನ್ ಪೈಪು ಒಡೆಯಿತು. ಎದ್ದು ನೋಡುವಾಗ ಜಗಲಿಯ ತನಕ ನೀರು. ಮೂಲೆಯಲ್ಲಿ ಇಟ್ಟಿದ್ದ ಎರಡು ಚೀಲ ಚಾಲಿ ಅಡಿಕೆ ತಳದಿಂದ ನೆನೆದಿತ್ತು.

ಹೀಗೆ ಆಗಿದ್ದು ಯಾಕೆ ಎಂದು ಮೊದಲು ಹೇಳಬೇಕು. ಈ ಒಂದು ಸಂಗತಿ ತಿಳಿದರೆ ಉಳಿದದ್ದೆಲ್ಲ ಸುಲಭ.

ಅರ್ಧ ಮುಚ್ಚಿದ ವಾಲ್ವ್ ನೀರು ಹರಿಯುವಾಗ ಮಾತ್ರ ಒತ್ತಡ ಇಳಿಸುತ್ತದೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿದ ಮೇಲೆ ಆ ಸಣ್ಣ ಸಂದಿಯಿಂದಲೇ ನೀರು ನುಗ್ಗಿ, ಸ್ವಲ್ಪ ಹೊತ್ತಿಗೆ ಮನೆಯೊಳಗಿನ ಪೈಪಿನಲ್ಲೂ ಗುಡ್ಡದ ಪೂರ್ತಿ ಒತ್ತಡ ಬಂದು ಕೂರುತ್ತದೆ. ಹಗಲು ಬಳಸುವಾಗ ಹದ, ರಾತ್ರಿ ಬಿಗಿ. ಪೈಪು, ಹೋಸ್ ಒಡೆಯುವುದು ಹೆಚ್ಚಾಗಿ ರಾತ್ರಿಯೇ ಅಲ್ವಾ? ಕಾರಣ ಇದೇ.

ರೆಗ್ಯುಲೇಟರ್ ಹಾಗಲ್ಲ. ಫ್ಲಶ್ ಟ್ಯಾಂಕಿನ ಬಾಲ್ ವಾಲ್ವ್ ನೋಡಿದ್ದೀರಲ್ಲ? ನೀರಿನ ಮಟ್ಟ ಏರಿದಂತೆ ಚೆಂಡು ಮೇಲೆದ್ದು ನೀರು ನಿಲ್ಲಿಸುತ್ತದೆ. ರೆಗ್ಯುಲೇಟರಿನ ಒಳಗೂ ಅದೇ ಕೆಲಸ, ಚೆಂಡಿನ ಬದಲು ಒಂದು ರಬ್ಬರ್ ಪದರ, ಅದರ ಮೇಲೆ ಒಂದು ಸ್ಪ್ರಿಂಗ್. ಮನೆಯ ಕಡೆಯ ಒತ್ತಡ ಏರಿದರೆ ಅದು ಪದರವನ್ನು ಒತ್ತಿ ದಾರಿ ಮುಚ್ಚುತ್ತದೆ. ನಲ್ಲಿ ಬಿಟ್ಟಾಗ ಒತ್ತಡ ಇಳಿದು ಸ್ಪ್ರಿಂಗ್ ದಾರಿ ತೆರೆಯುತ್ತದೆ. ನೀರು ಹರಿಯಲಿ, ನಿಲ್ಲಲಿ, ಮನೆಯೊಳಗೆ ನೀವು ಹೊಂದಿಸಿದ ಒತ್ತಡದ ಆಸುಪಾಸಿನಲ್ಲೇ ಇಡುತ್ತದೆ. ಆದರೆ ಅದು ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ. ನೀರು ಮಂದವಾಗಿ ಬರುವವರು ಇದನ್ನು ಕೊಂಡರೆ ಸುಮ್ನೆ ದುಡ್ಡು ದಂಡ.

ಮೊದಲು ಅಳೆಯಿರಿ

ಪೈಪಿನ ಅಂಗಡಿಯಲ್ಲಿ "4 ಕೆಜಿ ಪೈಪು, 6 ಕೆಜಿ ಪೈಪು" ಎನ್ನುತ್ತಾರೆ. ಅದು ತೂಕವಲ್ಲ, ಪೈಪು ತಡೆಯುವ ಒತ್ತಡ. ಲೆಕ್ಕ ಬಹಳ ಸರಳ: 10 ಮೀಟರ್ ಎತ್ತರಕ್ಕೆ 1 ಕೆಜಿ. ಒತ್ತಡದ ಇನ್ನೊಂದು ಅಳತೆ ಬಾರ್, ಒಂದು ಬಾರ್ ಅಂದರೂ ಹೆಚ್ಚುಕಡಿಮೆ ಅಷ್ಟೇ. ಪಿಎಸ್‌ಐ ಎನ್ನುವ ಅಳತೆಯಲ್ಲಿ ಸುಮಾರು 14. ತೊಟ್ಟಿಯ ನೀರಿನ ಮಟ್ಟ ನಿಮ್ಮ ನಲ್ಲಿಗಿಂತ 50 ಮೀಟರ್ ಮೇಲಿದ್ದರೆ, ನಲ್ಲಿ ಮುಚ್ಚಿದಾಗ 5 ಕೆಜಿ. ಪೈಪು ಎಷ್ಟು ಉದ್ದ, ಎಷ್ಟು ದಪ್ಪ, ತೊಟ್ಟಿ ಎಷ್ಟು ದೊಡ್ಡದು, ಇದ್ಯಾವುದೂ ನಿಂತ ನೀರಿನ ಒತ್ತಡವನ್ನು ಬದಲಿಸುವುದಿಲ್ಲ. ದೊಡ್ಡ ತೊಟ್ಟಿ ಕಟ್ಟಿಸಿದ್ದಕ್ಕೆ ಒತ್ತಡ ಜಾಸ್ತಿ ಆಯಿತು ಎನ್ನುವವರು ನಮ್ಮಲ್ಲಿ ಬಹಳ ಜನ. ಎತ್ತರ ಒಂದೇ ಲೆಕ್ಕ.

ಗುಡ್ಡದ ಎತ್ತರವನ್ನು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಮೊಬೈಲ್ ತೋರಿಸುವ ಎತ್ತರವನ್ನೂ ನಂಬಬೇಡಿ. ಮೇಸ್ತ್ರಿಗಳ ಲೆವೆಲ್ ಪೈಪು ಹಿಡಿದು, ಇಬ್ಬರು ಸೇರಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಅಳೆಯಬಹುದು. ಅದಕ್ಕಿಂತ ಸುಲಭ ಒಂದು ಪ್ರೆಶರ್ ಗೇಜು ತರುವುದು. 0ಯಿಂದ 10 ಕೆಜಿ ತನಕ ಗೀರು ಇರುವಂಥದ್ದು ನಮ್ಮ ಕಡೆಯ ಮನೆಗಳಿಗೆ ಸರಿ. ವಾಷಿಂಗ್ ಮಶಿನ್ ನಲ್ಲಿಗೆ ಅಥವಾ ಹಿತ್ತಿಲ ನಲ್ಲಿಗೆ ಅಡಾಪ್ಟರ್ ಹಾಕಿ ಗೇಜು ಕೂರಿಸಿ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಗೀಸರ್ ಆಫ್ ಇರುವಾಗ, ಎಲ್ಲ ನಲ್ಲಿ ಮುಚ್ಚಿ ಆ ನಲ್ಲಿ ಮಾತ್ರ ತೆರೆದು ಮುಳ್ಳು ನೋಡಿ. ನಮ್ಮಲ್ಲಿ ಅದು ಐದೂವರೆಯ ಮೇಲೆ ನಿಂತಿತ್ತು. ಆಮೇಲೆ ಬೇರೊಂದು ನಲ್ಲಿ ಪೂರ್ತಿ ಬಿಟ್ಟು ಇನ್ನೊಮ್ಮೆ ನೋಡಿ. ಎರಡೂ ಅಂಕಿ ಬರೆದಿಟ್ಟುಕೊಳ್ಳಿ.

3 ಕೆಜಿ ಒಳಗಿದ್ದರೆ ರೆಗ್ಯುಲೇಟರ್ ಬೇಡ, ಒಳ್ಳೆಯ ಕನೆಕ್ಷನ್ ಪೈಪು ಹಾಕಿ ಸಾಕು. ನಾಲ್ಕು ದಾಟಿದರೆ ಹಾಕಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಮೂರು ನಾಲ್ಕರ ಮಧ್ಯೆ ಇದ್ದರೆ ನಿಮ್ಮ ಗೀಸರಿನ ಮೇಲಿನ ಚೀಟಿ ಓದಿ. ಎಷ್ಟು ಬಾರ್ ತಡೆಯುತ್ತದೆ ಎಂದು ಅದರಲ್ಲೇ ಬರೆದಿರುತ್ತದೆ. ಎಂಟು ದಾಟಿದರೆ ರೆಗ್ಯುಲೇಟರ್ ಒಂದನ್ನೇ ನೆಚ್ಚಬೇಡಿ. ಗುಡ್ಡದ ನಡುವೆ ಇನ್ನೊಂದು ಸಣ್ಣ ತೊಟ್ಟಿ ಕಟ್ಟಿ, ಬಾಲ್ ವಾಲ್ವ್ ಹಾಕಿ, ಅಲ್ಲಿಂದ ಹೊಸದಾಗಿ ಲೈನ್ ಇಳಿಸಿ. ತೆರೆದ ತೊಟ್ಟಿಗೆ ಬಿದ್ದ ನೀರು ಒತ್ತಡವನ್ನು ಅಲ್ಲೇ ಬಿಟ್ಟು ಮುಂದೆ ಬರುತ್ತದೆ. ಹಾಳಾಗುವ ವಸ್ತುವೂ ಕಡಿಮೆ. ಜಾಗ ಮತ್ತು ದಾರಿ ಇದ್ದರೆ ಕಡಿಮೆ ಎತ್ತರದ ಮನೆಗೂ ನಾನು ಇದನ್ನೇ ಮೊದಲು ಹೇಳುತ್ತೇನೆ.

ಕಾರವಾರದ ಕಡೆಯವರ ಸಂಗತಿ ಬೇರೆ. ಅಲ್ಲಿ ಸಂಪಿನಿಂದ ತಾರಸಿಯ ಟ್ಯಾಂಕಿಗೆ ಏರಿಸಿ ಬಳಸುವವರೇ ಹೆಚ್ಚು. ಐದು ಮಹಡಿಯ ಅಪಾರ್ಟ್‌ಮೆಂಟಿನ ಕೆಳಗಿನ ಮನೆಗೂ ಒತ್ತಡ 2 ಕೆಜಿ ದಾಟುವುದು ಕಷ್ಟ. ರೆಗ್ಯುಲೇಟರ್ ಬೇಕಿಲ್ಲ. ಬೂಸ್ಟರ್ ಪಂಪ್ ಹಾಕಿದ್ದು, ಅದರಿಂದ ಒತ್ತಡ ಜಾಸ್ತಿ ಆಗಿದ್ದರೆ, ಮೊದಲು ಪಂಪಿನ ಪ್ರೆಶರ್ ಸ್ವಿಚ್ಚನ್ನು ಇಳಿಸಿ ಹೊಂದಿಸಿ. ಕರೆಂಟು ಸುಟ್ಟು ಏರಿಸಿದ ಒತ್ತಡವನ್ನು ಇನ್ನೊಂದು ವಸ್ತು ಕೊಂಡು ಇಳಿಸುವುದು ಯಾಕೆ?

ಕೊಳ್ಳುವಾಗ

ಹಿತ್ತಾಳೆಯದ್ದೇ ಕೊಳ್ಳಿ. ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗಬೇಕು. ಒಳಬರುವ ಒತ್ತಡ ಎಷ್ಟು ತಡೆಯುತ್ತದೆ, ಹೊರಹೋಗುವ ಒತ್ತಡವನ್ನು ಎಷ್ಟರಿಂದ ಎಷ್ಟರ ತನಕ ಹೊಂದಿಸಬಹುದು ಎಂದು ಮೈಮೇಲೆ ಅಥವಾ ಡಬ್ಬಿಯ ಮೇಲೆ ಇರುತ್ತದೆ. ಒಳಗೆ 16 ಬಾರ್, ಹೊರಗೆ 1ರಿಂದ 6 ಬಾರ್ ಇರುವಂಥದ್ದು ಮನೆಗೆ ಧಾರಾಳ. ಗೇಜು ಕೂರಿಸಲು ತೂತು ಇರಲಿ. ಜಾಲರಿ ಬಿಚ್ಚಿ ತೊಳೆಯಲು ಬರುವಂತಿರಲಿ. ಮನೆಯ ಮೇನ್ ಲೈನ್ ಮುಕ್ಕಾಲು ಇಂಚು ಇದ್ದರೆ ರೆಗ್ಯುಲೇಟರೂ ಮುಕ್ಕಾಲು ಇಂಚೇ ಇರಲಿ. ಅಗ್ಗ ಎಂದು ಅರ್ಧ ಇಂಚಿನದ್ದು ಹಾಕಿದರೆ ಎರಡು ಬಚ್ಚಲಿನಲ್ಲಿ ಒಟ್ಟಿಗೆ ಸ್ನಾನ ಮಾಡುವಾಗ ನೀರು ಸಾಲುವುದಿಲ್ಲ.

ಎರಡು ವಸ್ತುವನ್ನು ಇದೇ ಎಂದು ತಿಳಿದು ತರಬೇಡಿ. ಕುಡಿಯುವ ನೀರಿನ ಆರ್‌ಒ ಯಂತ್ರಕ್ಕೆ ಹಾಕುವ ಪುಟ್ಟ ರೆಗ್ಯುಲೇಟರ್ ಇಡೀ ಮನೆಗೆ ಸಾಲದು. ತೋಟದ ಡ್ರಿಪ್ಪಿಗೆ ಹಾಕುವ ಪ್ಲಾಸ್ಟಿಕ್ಕಿನದ್ದು ಹೆಚ್ಚಾಗಿ ನೀರು ಹರಿಯುತ್ತಿರುವಾಗ ಕೆಲಸ ಮಾಡಲು ಮಾಡಿದ್ದು. ನಲ್ಲಿ ಮುಚ್ಚಿಡುವ ಮನೆಯ ಲೈನಿಗೆ ಅದು ಹೊಂದುವುದಿಲ್ಲ.

ಇದರ ಜೊತೆಗೆ ಎರಡು ಬಾಲ್ ವಾಲ್ವ್ (ಟ್ಯಾಂಕಿನ ತೇಲುವ ಚೆಂಡಿನದ್ದಲ್ಲ, ಹಿಡಿ ತಿರುಗಿಸಿ ಮುಚ್ಚುವಂಥದ್ದು), ಎರಡು ಯೂನಿಯನ್ (ಪೈಪು ಕತ್ತರಿಸದೆ ಬಿಚ್ಚಲು ಬರುವ ಜೋಡಣೆ), ವೈ ಆಕಾರದ ಒಂದು ಜಾಲರಿ ಫಿಲ್ಟರ್, ಗೇಜು, ಟೆಫ್ಲಾನ್ ಟೇಪು, ಹಿತ್ತಾಳೆಯ ಮರೆ (ತಿರುಪಿನ ಗೆರೆ) ಇರುವ ಅಡಾಪ್ಟರ್ ಬೇಕು. ಕಡಲ ಹತ್ತಿರದ ಮನೆಯವರು ಜಿಐ ನಿಪ್ಪಲ್ (ಸತು ಲೇಪಿಸಿದ ಕಬ್ಬಿಣದ ಜೋಡಣೆ ತುಂಡು) ಬಿಟ್ಟು ಹಿತ್ತಾಳೆಯದ್ದೇ ಹಾಕಿ, ಗೇಜಿನ ಕವಚ ಸ್ಟೀಲಿನದ್ದಿರಲಿ. ಉಪ್ಪುಗಾಳಿ ಕಬ್ಬಿಣವನ್ನು ಎಷ್ಟು ಬೇಗ ತಿನ್ನುತ್ತದೆ ಎಂದು ನಿಮ್ಮ ಕಿಟಕಿಯ ಸರಳುಗಳೇ ಹೇಳುತ್ತವೆ.

ಎಲ್ಲಿ, ಯಾವ ಕ್ರಮದಲ್ಲಿ

ತೋಟಕ್ಕೆ ಹೋಗುವ ಕವಲು ಮೊದಲು, ರೆಗ್ಯುಲೇಟರ್ ಆಮೇಲೆ. ಸ್ಪ್ರಿಂಕ್ಲರ್ ತಿರುಗಲು ಗುಡ್ಡದ ಒತ್ತಡ ಬೇಕು, ಅದನ್ನು ಕಡಿಮೆ ಮಾಡಿಕೊಳ್ಳಬೇಡಿ. ಮನೆಗೆ ಹೋಗುವ ಎಲ್ಲ ನೀರೂ, ತಣ್ಣೀರು ಬಿಸಿನೀರು ಎರಡೂ, ರೆಗ್ಯುಲೇಟರ್ ದಾಟಿಯೇ ಹೋಗಲಿ. ಗೀಸರನ್ನು ಉಳಿಸಲು ಅದರ ಲೈನಿಗೆ ಮಾತ್ರ ಹಾಕುವವರಿದ್ದಾರೆ. ಆಗ ಮಿಕ್ಸರ್ ನಲ್ಲಿಯಲ್ಲಿ ತಣ್ಣೀರಿನ ಒತ್ತಡ ಜಾಸ್ತಿ, ಬಿಸಿನೀರಿನದ್ದು ಕಡಿಮೆ. ತಣ್ಣೀರು ಬಿಸಿನೀರಿನ ಪೈಪಿಗೇ ನುಗ್ಗುತ್ತದೆ, ಹದ ಸಿಗುವುದೇ ಇಲ್ಲ.

ನೀರು ಬರುವ ಕಡೆಯಿಂದ ಕ್ರಮ ಹೀಗೆ: ಬಾಲ್ ವಾಲ್ವ್, ಜಾಲರಿ ಫಿಲ್ಟರ್, ಯೂನಿಯನ್, ರೆಗ್ಯುಲೇಟರ್, ಯೂನಿಯನ್, ಎರಡನೇ ಬಾಲ್ ವಾಲ್ವ್. ಗೇಜು ರೆಗ್ಯುಲೇಟರಿನ ಮನೆ ಬದಿಗೆ. ರೆಗ್ಯುಲೇಟರಿನ ಒಳಗೆ ಹೋಗದೆ ಪಕ್ಕದಿಂದ ನೇರ ನೀರು ಹರಿಸುವ ಬೈಪಾಸ್ ಪೈಪನ್ನೂ ಕೆಲವು ಪ್ಲಂಬರ್‌ಗಳು ಹಾಕುತ್ತಾರೆ. ನಾನು ಬೇಡ ಎಂದೆ. ನೀರು ಕಡಿಮೆ ಬಂತೆಂದು ಯಾರೋ ಒಬ್ಬರು ಒಂದು ದಿನ ಅದನ್ನು ತೆರೆಯುತ್ತಾರೆ, ಮುಚ್ಚಲು ಮರೆಯುತ್ತಾರೆ. ಗೋಡೆಯೊಳಗೆ ಹುಗಿಯಬೇಡಿ. ಎದೆಯ ಎತ್ತರದಲ್ಲಿ, ಬಿಸಿಲು ಬೀಳದ ಕಡೆ, ಸ್ಪ್ಯಾನರ್ ತಿರುಗುವಷ್ಟು ಜಾಗ ಬಿಟ್ಟು ಇಡಿ.

ಕೂರಿಸುವುದು

ಮೇಲಿನ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿ ಬಿಟ್ಟು ಪೈಪಿನ ನೀರು ಇಳಿಸಿ. ಪೈಪು ಕತ್ತರಿಸಿ. ಈಗ ರೆಗ್ಯುಲೇಟರ್ ಕೂರಿಸುವ ಮೊದಲು ಒಂದು ಕೆಲಸ ತಪ್ಪಿಸಬೇಡಿ: ಕತ್ತರಿಸಿದ ತುದಿಗೆ ಬಕೆಟ್ ಹಿಡಿದು ಮೇಲಿನ ವಾಲ್ವ್ ತೆರೆದು ಐದು ನಿಮಿಷ ನೀರು ಹರಿಯಲು ಬಿಡಿ. ನಮ್ಮ ಬಕೆಟ್ಟಿನ ತಳದಲ್ಲಿ ಕೆಂಪು ಮರಳು, ಪೈಪು ಗರಗಸದ ಕರಿ ಸಿಪ್ಪೆ, ಒಂದು ಕೊಳೆತ ಎಲೆಯ ನರ ಇತ್ತು. ಇದರಲ್ಲಿ ಒಂದು ಕಾಳು ಮರಳು ರೆಗ್ಯುಲೇಟರಿನ ಬಾಯಿಗೆ ಸಿಕ್ಕಿದರೂ ಅದು ಪೂರ್ತಿ ಮುಚ್ಚುವುದಿಲ್ಲ.

ಅಂಟು ಹಾಕುವ ಜೋಡಣೆಗಳನ್ನೆಲ್ಲ ಮೊದಲು ಮುಗಿಸಿ. ಅಂಟು ರೆಗ್ಯುಲೇಟರಿನ ಒಳಗೆ ಹೋದರೆ ಅದರ ಕಥೆ ಮುಗಿದಂತೆ. ಅಂಟಿನ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ, ಮಳೆಗಾಲದಲ್ಲಿ ಇನ್ನೂ ಜಾಸ್ತಿ ಬಿಡಿ. ಆಮೇಲೆ ಮರೆಗಳಿಗೆ ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿನಲ್ಲೇ ಎಂಟು ಹತ್ತು ಸುತ್ತು ಸುತ್ತಿ. ತಿರುಗುಮುರುಗಾಗಿ ಸುತ್ತಿದರೆ ಬಿಗಿಯುವಾಗ ಟೇಪು ಬಿಚ್ಚಿ ಬರುತ್ತದೆ. ರೆಗ್ಯುಲೇಟರಿನ ಮೈಮೇಲಿನ ಬಾಣ ಮನೆಯ ಕಡೆ ಮುಖ ಮಾಡಿರಲಿ. ಕೈಯಲ್ಲಿ ಬಿಗಿಯಾಗುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಸ್ವಲ್ಪವೇ. ಸ್ಪ್ಯಾನರ್ ಹಿಡಿಯಬೇಕಾದದ್ದು ಆರು ಮೂಲೆಯ ಜಾಗವನ್ನು, ಹೊಟ್ಟೆಯನ್ನಲ್ಲ. ಎರಡೂ ಬದಿಯ ಪೈಪಿಗೆ ಗೋಡೆಯ ಕ್ಲಾಂಪು ಹಾಕಿ, ಭಾರ ಪೈಪಿನ ಮೇಲೆ ನೇತಾಡಬಾರದು.

ಒತ್ತಡ ಹೊಂದಿಸುವುದು

ಅವಸರ ಬೇಡ, ಇಲ್ಲಿಯೇ ಹೆಚ್ಚಿನವರು ತಪ್ಪುವುದು. ರೆಗ್ಯುಲೇಟರಿನ ತಲೆಯ ಮೇಲೆ ಒಂದು ಸ್ಕ್ರೂ, ಅದಕ್ಕೆ ಲಾಕ್ ನಟ್ ಇರುತ್ತದೆ. ಕೆಲವಕ್ಕೆ ತಿರುಪಣೆ ಮುಚ್ಚಳ ಇರುತ್ತದೆ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸ್ಪ್ರಿಂಗ್ ಬಿಗಿದು ಒತ್ತಡ ಏರುತ್ತದೆ, ಎದುರು ತಿರುಗಿಸಿದರೆ ಇಳಿಯುತ್ತದೆ. ಹಲವು ರೆಗ್ಯುಲೇಟರ್‌ಗಳು ಕಂಪನಿಯಲ್ಲೇ ಒಂದು ಅಂಕಿಗೆ ಹೊಂದಿಸಿ ಬರುತ್ತವೆ. ಆದರೂ ನೀವು ಸಡಿಲ ಮಾಡಿಯೇ ಶುರು ಮಾಡಿ.

ಬಚ್ಚಲಿನ ಒಂದು ನಲ್ಲಿ ತೆರೆದಿಟ್ಟು, ಮೇನ್ ವಾಲ್ವನ್ನು ನಿಧಾನವಾಗಿ ಬಿಡಿ. ಗಾಳಿಯೆಲ್ಲ ಹೋಗಿ ನೀರು ಒಂದೇ ಸಮ ಬಂದ ಮೇಲೆ ನಲ್ಲಿ ಮುಚ್ಚಿ. ಗೇಜು ನೋಡಿ. ಕಡಿಮೆ ಇದ್ದರೆ ಸ್ಕ್ರೂ ಅರ್ಧ ಸುತ್ತು ಬಿಗಿಸಿ, ನಲ್ಲಿ ಬಿಡಿ, ಮುಚ್ಚಿ, ಅರ್ಧ ನಿಮಿಷ ಕಾದು ಮತ್ತೆ ನೋಡಿ. ಜಾಸ್ತಿ ಆದರೆ ಸ್ಕ್ರೂ ಸಡಿಲ ಮಾಡಿದ ತಕ್ಷಣ ಮುಳ್ಳು ಇಳಿಯುವುದಿಲ್ಲ. ಪೈಪಿನೊಳಗೆ ಸಿಕ್ಕಿಕೊಂಡ ಒತ್ತಡ ಹೋಗಲು ದಾರಿಯೇ ಇಲ್ಲವಲ್ಲ. ನಲ್ಲಿ ಒಮ್ಮೆ ಬಿಟ್ಟು ಮುಚ್ಚಿದರೆ ಮಾತ್ರ ನಿಜವಾದ ಅಂಕಿ ಕಾಣುತ್ತದೆ. ಇದು ಗೊತ್ತಿಲ್ಲದೆ ನಾನು ಸ್ಕ್ರೂ ಪೂರ್ತಿ ಸಡಿಲ ಮಾಡಿ, ರೆಗ್ಯುಲೇಟರೇ ಕೆಟ್ಟಿದೆ ಎಂದು ಬಿಚ್ಚಲು ಹೊರಟಿದ್ದೆ.

ನಾವು ಎರಡೂವರೆ ಕೆಜಿಗೆ ನಿಲ್ಲಿಸಿದೆವು. ಶವರ್ ಚೆನ್ನಾಗಿ ಬರುತ್ತದೆ, ನಲ್ಲಿ ಹಾರುವುದಿಲ್ಲ. ಮೂರರ ಮೇಲೆ ಇಡುವ ಅಗತ್ಯ ನನಗೆ ಕಂಡಿಲ್ಲ. ಐದೂವರೆಯನ್ನು ಒಂದಕ್ಕೆ ಇಳಿಸುವುದೂ ಒಳ್ಳೆಯದಲ್ಲ. ಒಳಬರುವ ಒತ್ತಡ ಹೊರಹೋಗುವ ಒತ್ತಡದ ಮೂರು ಪಟ್ಟು ಮೀರಿದರೆ ರೆಗ್ಯುಲೇಟರ್ ಸದ್ದು ಮಾಡತೊಡಗಬಹುದು, ಒಳಗಿನ ಭಾಗಗಳು ಬೇಗ ಸವೆಯಬಹುದು. ಅಂಕಿ ಸರಿಯಾದ ಮೇಲೆ ಲಾಕ್ ನಟ್ ಬಿಗಿದು, ಪಕ್ಕದ ಗೋಡೆಯ ಮೇಲೆ ಒತ್ತಡವನ್ನೂ ತಾರೀಖನ್ನೂ ಮಾರ್ಕರಿನಲ್ಲಿ ಬರೆದಿಡಿ.

ಮರುದಿನ ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು, ಗೀಸರ್ ಹಾಕುವ ಮೊದಲು ಗೇಜು ನೋಡಿ. ನಮ್ಮಲ್ಲಿ ಮೊದಲು ಏಳುವವರು ಅಮ್ಮ. "ಎರಡೂವರೆ ಇದ್ದು" ಎಂದು ಅವರು ಹೇಳಿದ ಮೇಲೆಯೇ ನನಗೆ ಸಮಾಧಾನ ಆಗಿದ್ದು. ರಾತ್ರಿ ಎರಡೂವರೆ ಇದ್ದದ್ದು ಬೆಳಿಗ್ಗೆ ಐದಕ್ಕೆ ಏರಿದ್ದರೆ, ಒಳಗೆ ಕಸ ಸಿಕ್ಕಿದೆ ಅಥವಾ ರಬ್ಬರ್ ಹೋಗಿದೆ ಎಂದು ಅರ್ಥ. ಬಿಚ್ಚಿ ತೊಳೆಯಬೇಕು.

ಗೀಸರ್ ಇದ್ದವರು ಇದನ್ನು ಓದದೆ ಬಿಡಬೇಡಿ

ನೀರು ಬಿಸಿಯಾದರೆ ಹಿಗ್ಗುತ್ತದೆ. 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಿದರೆ 25 ಲೀಟರ್ ನೀರು ಸುಮಾರು 350 ಮಿಲಿಲೀಟರ್‌ನಷ್ಟು ಹೆಚ್ಚಾಗುತ್ತದೆ. ಮೊದಲು ಆ ಹೆಚ್ಚಿನ ನೀರು ಪೈಪಿನಲ್ಲಿ ಹಿಂದೆ ಸರಿದು ತೊಟ್ಟಿಯ ಕಡೆ ಹೋಗುತ್ತಿತ್ತು. ಈಗ ರೆಗ್ಯುಲೇಟರ್ ಆ ದಾರಿ ಮುಚ್ಚಿದೆ. ನಲ್ಲಿಗಳೆಲ್ಲ ಮುಚ್ಚಿರುವಾಗ ಗೀಸರ್ ಕಾದರೆ ಒತ್ತಡ ಸರಸರನೆ ಏರುತ್ತದೆ, ಸೇಫ್ಟಿ ವಾಲ್ವ್ ಹನಿಯತೊಡಗುತ್ತದೆ. ಹನಿಯುತ್ತದೆ ಎಂದು ಅದಕ್ಕೆ ಬೆಣೆ ಹೊಡೆಯುವುದು, ಪ್ಲಗ್ ಹಾಕುವುದು ದಯವಿಟ್ಟು ಮಾಡಬೇಡಿ. ಒತ್ತಡ ಏರಿದಾಗ ಟ್ಯಾಂಕ್ ಸಿಡಿಯದಂತೆ ಕಾಯುವುದು ಅದೇ. ಅದರ ಬಾಯಿಗೆ ಒಂದು ಪೈಪು ಹಾಕಿ ಬಚ್ಚಲಿನ ಮೋರಿಗೆ ಬಿಡಿ. ಗೀಸರಿನ ತಣ್ಣೀರು ಲೈನಿಗೆ ಒಂದು ಸಣ್ಣ ಎಕ್ಸ್‌ಪಾನ್ಶನ್ ಟ್ಯಾಂಕ್ ಹಾಕಿ. ಅದರೊಳಗಿನ ಗಾಳಿಯನ್ನು ನೀವು ಹೊಂದಿಸಿದ ಒತ್ತಡಕ್ಕೇ ತುಂಬಿಸಬೇಕು. ಹಿಗ್ಗಿದ ನೀರಿಗೆ ಅದು ಜಾಗ ಕೊಡುತ್ತದೆ.

ತಾರಸಿಯ ಮೇಲಿನ ಗಾಜಿನ ಕೊಳವೆಯ ಸಾದಾ ಸೋಲಾರ್ ಒತ್ತಡ ತಡೆಯುವಂಥದ್ದಲ್ಲ. ಎರಡೂವರೆ ಕೆಜಿ ಕೂಡ ಅದಕ್ಕೆ ಜಾಸ್ತಿ. ಅದಕ್ಕೆ ಬೇರೆ ಸಣ್ಣ ಟ್ಯಾಂಕ್, ಬಾಲ್ ವಾಲ್ವ್ ಹಾಕಿಯೇ ನೀರು ಕೊಡಬೇಕು. ಗಾಳಿ ಪೈಪು ತೆರೆದೇ ಇರಬೇಕು. ಕಟ್ಟಿಗೆ ಒಲೆಯ ತಾಮ್ರದ ಬಾಯ್ಲರಿಗೂ ಇದೇ ಮಾತು. ಬಾಯಿ ತೆರೆದ ಹಂಡೆಗೆ ಮಾತ್ರ ಯಾವ ಚಿಂತೆಯೂ ಇಲ್ಲ.

ಕ್ಯಾಂಪರ್ ವ್ಯಾನಿನವರಿಗೆ

ಹೆದ್ದಾರಿ 66ರಲ್ಲಿ ವ್ಯಾನ್ ತೆಗೆದುಕೊಂಡು ಕಾರವಾರ, ಗೋಕರ್ಣ ಎಂದು ತಿರುಗುವವರೂ ಇದ್ದಾರೆ. ಒಳಗೇ ಅಡುಗೆಮನೆ, ಬಚ್ಚಲು ಇರುವ ವ್ಯಾನಿನ ಪೈಪುಗಳು ಸಣ್ಣವು, ಜೋಡಣೆಗಳು ನಾಜೂಕು. ವ್ಯಾನಿನ ಟ್ಯಾಂಕನ್ನು ತುಂಬಿಸಿಕೊಂಡು ಅದರದ್ದೇ ಪಂಪಿನಲ್ಲಿ ಬಳಸುವುದಾದರೆ ರೆಗ್ಯುಲೇಟರ್ ಬೇಕಿಲ್ಲ. ಹೊರಗಿನ ನಲ್ಲಿಗೆ ಹೋಸ್ ಸಿಕ್ಕಿಸಿ ನೇರ ಬಳಸುವುದಾದರೆ ಬೇಕೇ ಬೇಕು. ಹೊರದೇಶಗಳಲ್ಲಿ ವ್ಯಾನಿಗೆಂದೇ ಮಾರುವ ರೆಗ್ಯುಲೇಟರ್‌ಗಳು ಸಾಮಾನ್ಯವಾಗಿ 40ರಿಂದ 50 ಪಿಎಸ್‌ಐ, ಅಂದರೆ ಸುಮಾರು 3ರಿಂದ ಮೂರೂವರೆ ಕೆಜಿಗೆ ಇರುತ್ತವೆ. ಅದನ್ನು ವ್ಯಾನಿನ ಬದಿಗೆ ಹಾಕಬೇಡಿ, ನಲ್ಲಿಯ ಬದಿಗೆ ಹಾಕಿ. ಹೋಸೂ ಉಳಿಯುತ್ತದೆ. ಅಮೆರಿಕದಿಂದ ತರಿಸಿದ್ದಾದರೆ ಮರೆಯ ಅಳತೆ ಬೇರೆ. ನಮ್ಮ ಮುಕ್ಕಾಲು ಇಂಚಿನ ನಲ್ಲಿಗೆ ಕೂತಂತೆ ಕಂಡರೂ ಹಿಡಿಯುವುದಿಲ್ಲ, ಅಡಾಪ್ಟರ್ ಬೇಕು.

ಆಮೇಲಿನ ಆರೈಕೆ

ಮಳೆ ಶುರುವಾಗುವ ಮೊದಲು ಮತ್ತು ನಿಂತ ಮೇಲೆ ಜಾಲರಿ ತೊಳೆಯಲೇಬೇಕು. ಆಷಾಢದಲ್ಲಿ ಅಬ್ಬಿಯ ನೀರು ಕೆಂಪಾಗಿರುವಾಗ ನಾವು ಹದಿನೈದು ದಿನಕ್ಕೊಮ್ಮೆ ತೊಳೆಯುತ್ತೇವೆ. ಎರಡೂ ವಾಲ್ವ್ ಮುಚ್ಚಿ, ಫಿಲ್ಟರಿನ ಮುಚ್ಚಳವನ್ನು ನಿಧಾನ ಬಿಚ್ಚಿ. ಸಿಕ್ಕಿಕೊಂಡ ಒತ್ತಡ ಚಿಮ್ಮಿ ಹೋಗಲಿ, ಆಮೇಲೆ ಪೂರ್ತಿ ತೆಗೆಯಿರಿ. ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದರೆ ಸಾಕು. ಮೇಲಿನ ತೊಟ್ಟಿಯ ಪೈಪಿನ ಬಾಯಿಗೂ ಬಲೆ ಕಟ್ಟಿ. ಅಲ್ಲಿ ಎಲೆ ಕಟ್ಟಿ ಗಾಳಿ ಸೇರಿದರೆ ನೀರು ಸೀನಿದ ಹಾಗೆ ಬರುತ್ತದೆ, ಗೇಜಿನ ಮುಳ್ಳು ಕುಣಿಯುತ್ತದೆ.

ನೀರು ಮಂದವಾದರೆ ಸ್ಕ್ರೂ ಮುಟ್ಟಬೇಡಿ, ಮೊದಲು ಜಾಲರಿ ನೋಡಿ. ತಲೆಯ ಭಾಗದಿಂದ, ಸ್ಕ್ರೂ ಇರುವ ಕಡೆಯಿಂದ ನೀರು ಒಸರಿದರೆ ರಬ್ಬರ್ ಪದರ ಹರಿದಿದೆ. ಅದರ ಕಿಟ್ ಸಿಕ್ಕರೆ ಬದಲಿಸಬಹುದು, ಇಲ್ಲದಿದ್ದರೆ ಹೊಸದು.

ರೆಗ್ಯುಲೇಟರ್ ಕೂರಿಸಿದ ದಿನವೇ ಅದರಷ್ಟೇ ಉದ್ದದ ಒಂದು ಪೈಪು ತುಂಡನ್ನು, ಎರಡೂ ತುದಿಗೆ ಯೂನಿಯನ್ನಿಗೆ ಹೊಂದುವ ಮರೆ ಹಾಕಿ, ಮಾಡಿಟ್ಟುಕೊಳ್ಳಿ. ರೆಗ್ಯುಲೇಟರ್ ಕೆಟ್ಟು ಪೇಟೆಗೆ ಒಯ್ದಾಗ ಅದರ ಜಾಗಕ್ಕೆ ಇದನ್ನು ಸಿಕ್ಕಿಸಿ ದಿನ ದೂಡಬಹುದು. ಆದರೆ ಆ ತುಂಡು ಇರುವಷ್ಟು ದಿನ ಗೀಸರ್ ಹಾಕಬೇಡಿ. ರಾತ್ರಿ ಮಲಗುವ ಮುಂಚೆ ಮೇನ್ ವಾಲ್ವ್ ಮುಚ್ಚಿ. ಅರ್ಧ ಅಲ್ಲ, ಪೂರ್ತಿ.